ಪತ್ತೇದಾರಿಯ ಪಂಕ್ತಿ ಯಾವುದು?

ಕಾಲೇಜುಗಳಲ್ಲಿ ಪಾಠ ಹೇಳುವ ಸಾಹಿತ್ಯ ಚರಿತ್ರೆಯ ದಪ್ಪ ಪುಸ್ತಕಗಳಲ್ಲಿ ನವೋದಯಕ್ಕೆ ಪುಟಗಟ್ಟಲೆ ಜಾಗ, ನವ್ಯಕ್ಕೆ ಪುಟಗಟ್ಟಲೆ ಜಾಗ. ಐನೂರಕ್ಕೂ ಮೇಲೆ ಪತ್ತೇದಾರಿ ಕಾದಂಬರಿ ಬರೆದ ಎನ್. ನರಸಿಂಹಯ್ಯನವರಿಗೆ ಒಂದು ಪ್ಯಾರಾ ಸಿಕ್ಕರೆ ಅದೇ ದೊಡ್ಡದು. ಅದೂ 'ಜನಪ್ರಿಯ ಸಾಹಿತ್ಯ' ಅನ್ನೋ ಹಣೆಪಟ್ಟಿ ಹಚ್ಚಿ, ಹೊರಜಗಲಿಯ ಮೇಲೆ. ಮದುವೆ ಮನೆಯಲ್ಲಿ ಎಲ್ಲರ ಊಟ ಆದ ಮೇಲೆ ಹಿತ್ತಲ ಕಡೆ ಕೆಲವರಿಗೆ ಎಲೆ ಹಾಕ್ತಾರಲ್ಲ, ಆ ಥರ. ಬಡಿಸೋದು ಅದೇ ಅನ್ನ, ಅದೇ ಸಾರು, ಪಂಕ್ತಿ ಮಾತ್ರ ಬೇರೆ.

ಈ ಮಾತು ಈಗ ಎತ್ತಲು ಕಾರಣ ಉಂಟು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಕಡೆಯ ಕೋಣೆಗಳಲ್ಲಿ ಬಾಡಿಗೆಗಿದ್ದು ಕಂಪ್ಯೂಟರ್ ಕೆಲಸ ಮಾಡುವ, ಓದುವ, ಬರೆಯುವ ಹುಡುಗ ಹುಡುಗಿಯರಿಗೆ ಫೋನೇ ಪುಸ್ತಕದಂಗಡಿ. ಕೊಲೆ, ಕಳವು, ಪತ್ತೇದಾರಿ ಕಥೆಗಳಿಗೇ ಮೀಸಲಾದ ಒಂದು ಕನ್ನಡ ಪತ್ರಿಕೆಯನ್ನು ಅಂತರ್ಜಾಲದಲ್ಲಿ ತೆಗೆಯೋದು ಅವರಿಗೆ ದೊಡ್ಡ ಕೆಲಸವೇನಲ್ಲ. ಅಚ್ಚುಮೊಳೆ ಬೇಡ, ಕಾಗದ ಬೇಡ, ಬಸ್ಸಿನ ಟಾಪಿಗೆ ಬಂಡಲ್ ಹಾಕೋದು ಬೇಡ. ತೆಗೆಯಲಿ, ಬಹಳ ಸಂತೋಷ. ಆದರೆ ಹಾಗೆ ತೆಗೆಯುವವರು 'ಕನ್ನಡದಲ್ಲಿ ಇದೇ ಮೊದಲು' ಅಂತ ತಮಟೆ ಬಾರಿಸುವ ಮುಂಚೆ, ಇದೇ ದಕ್ಷಿಣ ಬೆಂಗಳೂರಿನ ಮಣ್ಣಲ್ಲಿ ಹೂತುಹೋಗಿರುವ ಹಳೇ ಲೆಕ್ಕವನ್ನು ಒಂದು ಸಲ ತೆಗೆದು ನೋಡಬೇಕು. ಹೂತುಹೋಗಿದೆ ಅಂದದ್ದು ಬರೀ ಅಲಂಕಾರಕ್ಕಲ್ಲ. ಅದನ್ನೇ ಮೊದಲು ಹೇಳ್ತೇನೆ.

ಕನಕಪುರ ರಸ್ತೆಯಲ್ಲಿ ಕಗ್ಗಲಿಪುರ ಅಂತ ಊರು. ಇವತ್ತು ಮೆಟ್ರೋ ರೈಲು ಆ ರಸ್ತೆಯಲ್ಲೇ ರೇಷ್ಮೆ ಸಂಸ್ಥೆಯವರೆಗೆ ಹೋಗುತ್ತದೆ, ಅಲ್ಲಿಂದಾಚೆಗೂ ಅಪಾರ್ಟ್‌ಮೆಂಟುಗಳೇ. 1960ರ ದಶಕದಲ್ಲಿ ಬನಶಂಕರಿ ಗುಡಿ ದಾಟಿದರೆ ಹೊಲ, ತೋಟ, ಕೆರೆ. ಆ ಕಗ್ಗಲಿಪುರದ ಹತ್ತಿರ ಒಬ್ಬ ಲೇಖಕ ಒಂದಿಷ್ಟು ಜಮೀನು ಮಾಡಿ, ಬೇಸಾಯ ಮಾಡಬೇಕು ಅಂತ ಬಾವಿ ತೆಗೆಸುತ್ತಿದ್ದರು. 1967ರ ಡಿಸೆಂಬರಿನಲ್ಲಿ ಬಾವಿಯ ಮಣ್ಣು ಕುಸಿಯಿತು. ಆ ಲೇಖಕ ಮತ್ತು ಅವರ ಇಬ್ಬರು ಗಂಡುಮಕ್ಕಳು ಅದರಡಿ ಸಿಕ್ಕಿ ಸತ್ತರು. ಲೇಖಕನ ಹೆಸರು ಮ. ರಾಮಮೂರ್ತಿ. ಹುಟ್ಟಿದ್ದು 1918. ಕನ್ನಡದ ಹಳದಿ ಕೆಂಪು ಬಾವುಟ ಮಾಡಿದವರು ಇವರೇ. ನವೆಂಬರ್ ಬಂದರೆ ಆಟೋಗಳ ಮೇಲೆ, ಬಸ್ ಸ್ಟ್ಯಾಂಡಿನಲ್ಲಿ, ಸಿನಿಮಾ ನಟರ ಕಟೌಟಿನ ಪಕ್ಕದಲ್ಲಿ ಹಾರಾಡುವ ಬಾವುಟ. ಅದನ್ನು ಹಾರಿಸುವವರಲ್ಲಿ ಎಷ್ಟು ಜನಕ್ಕೆ ಗೊತ್ತು, ಅದನ್ನು ಮಾಡಿದ ಕೈ ಪತ್ತೇದಾರಿ ಕಾದಂಬರಿ ಬರೆದ ಕೈ ಅಂತ?

ರಾಮಮೂರ್ತಿಯವರ ತಂದೆ ವೀರಕೇಸರಿ ಸೀತಾರಾಮಶಾಸ್ತ್ರಿಗಳು ಕೂಡ ಕಾದಂಬರಿಕಾರರೇ, ಪತ್ರಕರ್ತರೇ. ಮಗ ಅದೇ ದಾರಿ ಹಿಡಿದು ಪತ್ತೇದಾರಿ ಕಡೆ ತಿರುಗಿಕೊಂಡರು. ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಬರೀ ಬರೆದು ಪ್ರಕಾಶಕರ ಕೈಗೆ ಕೊಟ್ಟು ಕೂತವರಲ್ಲ, ಪತ್ರಿಕೆಗಳನ್ನೂ ತಾವೇ ತೆಗೆದರು. ಚಳವಳಿಗಾಗಿ 'ಕನ್ನಡ ಯುವಜನ' ನಡೆಸಿದರು. ಅ.ನ.ಕೃ. ಜೊತೆ ಬೀದಿಗಿಳಿದರು. ಒಂದು ಕೈಯಲ್ಲಿ ಕೊಲೆಯ ರಹಸ್ಯ, ಇನ್ನೊಂದು ಕೈಯಲ್ಲಿ ಕನ್ನಡದ ಕರಪತ್ರ. ಇದರಲ್ಲಿ ವಿರೋಧವೇನೂ ಅವರಿಗೆ ಕಾಣಲಿಲ್ಲ, ನನಗೂ ಕಾಣೋದಿಲ್ಲ. ಬೆಂಗಳೂರು ದಂಡಿನ ಕಡೆಯ ಇಂಗ್ಲಿಷಿನಿಂದ, ಪೇಟೆಯ ಕಡೆ ಬೇರೆ ಬೇರೆ ಭಾಷೆಗಳಿಂದ ಸುತ್ತುವರಿದಿದ್ದ ಕನ್ನಡದ ಕೂಲಿಯವನಿಗೆ 'ಕನ್ನಡ ಓದಪ್ಪಾ' ಅಂತ ಭಾಷಣ ಮಾಡಿದರೆ ಓದುತ್ತಾನೆಯೇ? ಅವನು ಓದದೆ ಇರಲಾರದಂಥದ್ದನ್ನು ಬರೆದು ಕೈಗೆ ಕೊಡಬೇಕು. ಭಾಷಾ ಚಳವಳಿಯವರು ಇವತ್ತು ರಾಮಮೂರ್ತಿಯವರ ಫೋಟೋಕ್ಕೆ ಹಾರ ಹಾಕುವಾಗ ಈ ಅರ್ಧವನ್ನು ಮುಚ್ಚಿಡ್ತಾರೆ, ಪತ್ತೇದಾರಿ ಅಂದರೆ ಏನೋ ಕಡಿಮೆ ಆಯಿತು ಅನ್ನೋ ಹಾಗೆ.

ಈಗ ನರಸಿಂಹಯ್ಯನವರ ಮಾತು. ಹುಟ್ಟಿದ್ದು 1925ರಲ್ಲಿ, ತೀರಿಹೋದದ್ದು 2011ರಲ್ಲಿ. ಸ್ಕೂಲಿನ ಓದು ನಾಲ್ಕನೇ ಕ್ಲಾಸಿಗೆ ಮುಗಿಯಿತು. ಹೊಟ್ಟೆಪಾಡಿಗೆ ಕೂಲಿನಾಲಿ ಮಾಡಿಕೊಂಡು ಅಲೆದವರು. 1950ರ ದಶಕದಲ್ಲಿ 'ಪತ್ತೇದಾರ ಪುರುಷೋತ್ತಮ' ಬಂತು. ಆಮೇಲೆ ನಿಲ್ಲಲೇ ಇಲ್ಲ. ಪುರುಷೋತ್ತಮ, ಮಧುಸೂದನ, ಅರಿಂಜಯ, ಈ ಮೂವರು ಪತ್ತೇದಾರರು ಮೂವತ್ತು ವರ್ಷ ಕನ್ನಡನಾಡಿನ ಬಸ್ ಸ್ಟ್ಯಾಂಡುಗಳನ್ನು ಆಳಿದರು. ಹುಲಿ ಕೊಂದ ರಾಜರಿಗಿಂತ ದೊಡ್ಡ ಸಾಮ್ರಾಜ್ಯ ಅದು.

ಇಲ್ಲೊಂದು ಲೆಕ್ಕ ನೋಡಿ. 1951ರ ಜನಗಣತಿ ಪ್ರಕಾರ ಈ ದೇಶದಲ್ಲಿ ಓದು ಬಲ್ಲವರು ನೂರಕ್ಕೆ ಹದಿನೆಂಟು ಜನ. ಅಂದರೆ ನೂರಕ್ಕೆ ಎಂಬತ್ತೆರಡು ಜನಕ್ಕೆ ಅಕ್ಷರವೇ ಇಲ್ಲ. ಆ ಹದಿನೆಂಟರಲ್ಲೂ ಅಗ್ರಹಾರದವರು, ಗೌಡಿಕೆಯವರು, ಶಾನುಭೋಗರು, ವಕೀಲರನ್ನು ಕಳೆದರೆ ಉಳಿಯುವವರು ಯಾರು? ಎರಡು ಮೂರು ಕ್ಲಾಸು ಓದಿ ಬಿಟ್ಟವರು. ಅಕ್ಷರ ಕೂಡಿಸಿ ಕೂಡಿಸಿ ಓದುವವರು. ಆ ಅಕ್ಷರವನ್ನು ಉಪಯೋಗಿಸದೆ ಬಿಟ್ಟರೆ ಐದು ವರ್ಷದಲ್ಲಿ ತುಕ್ಕು ಹಿಡಿದು ಮತ್ತೆ ಹೆಬ್ಬೆಟ್ಟಿಗೆ ಬರುವವರು. ರಾತ್ರಿಶಾಲೆ ನಡೆಸಿದ ಮೇಷ್ಟ್ರುಗಳಿಗೆ ಈ ಕಷ್ಟ ಗೊತ್ತು. ಕಲಿಸೋದು ಸುಲಭ, ಕಲಿತದ್ದು ಉಳಿಸೋದು ಕಷ್ಟ. ಅಂಥವರ ಕೈಗೆ ಭಾರವಾದ ಕಾದಂಬರಿ ಕೊಟ್ಟರೆ ಮೂರನೇ ಪುಟದಲ್ಲಿ ನಿದ್ದೆ. ನರಸಿಂಹಯ್ಯನವರ ಪುಸ್ತಕ ಕೊಟ್ಟರೆ ಬುಡ್ಡಿದೀಪದಲ್ಲಿ ಎಣ್ಣೆ ಮುಗಿಯುವ ತನಕ ಓದುತ್ತಾರೆ. ವಾಕ್ಯ ಚಿಕ್ಕದು, ಮಾತುಕತೆ ಜಾಸ್ತಿ, ಪುಟ ತಿರುಗಿಸಿದರೆ ಇನ್ನೊಂದು ಹೆಣ. ನಾಲ್ಕನೇ ಕ್ಲಾಸು ಓದಿದ ಲೇಖಕನಿಗೆ ನಾಲ್ಕನೇ ಕ್ಲಾಸು ಓದಿದ ಓದುಗನ ಉಸಿರು ಎಷ್ಟುದ್ದ ಅಂತ ಗೊತ್ತಿತ್ತು. ಇದು ಯಾವ ಪದವಿಯಲ್ಲೂ ಹೇಳಿಕೊಡದ ವಿದ್ಯೆ.

ಓದಿದವರು ಯಾರು? ಬಿನ್ನಿ ಮಿಲ್, ಮಿನರ್ವ ಮಿಲ್, ರಾಜಾ ಮಿಲ್‌ಗಳ ಪಾಳಿ ಕೆಲಸದವರು. ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳ ಬಸ್ಸಿನಲ್ಲಿ ಒಂದೊಂದು ಗಂಟೆ ಕೂತು ಹೋಗುವವರು. ಹೋಟೆಲ್ ಮಾಣಿಗಳು. ಮನೆಯವರು ಮಲಗಿದ ಮೇಲೆ ಒಲೆ ಬೆಳಕಲ್ಲಿ ಓದಿದ ಹೆಣ್ಣುಮಕ್ಕಳು. ಒಬ್ಬರು ಕೊಂಡರೆ ಹತ್ತು ಜನ ಓದುತ್ತಿದ್ದರು. ಬೀದಿ ಕೊನೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ದಿನಕ್ಕೆ ಇಷ್ಟು ಪೈಸೆ ಅಂತ ಬಾಡಿಗೆಗೆ ಸಿಕ್ಕುತ್ತಿತ್ತು. ರಟ್ಟು ಕಿತ್ತುಹೋಗಿ, ದಾರ ಹೊಲಿದು, ಮತ್ತೆ ಕಿತ್ತುಹೋಗಿ, ಕೊನೆಗೆ ಕಡ್ಲೆಕಾಯಿ ಪೊಟ್ಟಣ ಆಗುವವರೆಗೂ ಓದಿಸಿಕೊಂಡ ಪುಸ್ತಕಗಳು ಅವು. ವಿಮರ್ಶಕರು ಅವನ್ನು ಕಾಣಲಿಲ್ಲ ಅನ್ನೋದಕ್ಕೆ ಒಂದು ಸರಳ ಕಾರಣವೂ ಇದೆ. ಅವರ ಕೈಗೆ ಸಿಕ್ಕುವ ಹೊತ್ತಿಗೆ ಪುಸ್ತಕವೇ ಇರುತ್ತಿರಲಿಲ್ಲ!

ಹಾಗಂತ ಈ ಪುಸ್ತಕಗಳೆಲ್ಲ ಬಡವರ ಪರ ಅಂತ ನಾನು ಹೇಳಹೊರಟಿಲ್ಲ. ಅದು ಸುಳ್ಳಾಗುತ್ತದೆ. ಪತ್ತೇದಾರಿ ಅನ್ನುವ ಈ ಪ್ರಕಾರ ಹುಟ್ಟಿದ್ದೇ ಆಸ್ತಿವಂತರ ಭಯದಲ್ಲಿ. ವಜ್ರದ ಹಾರ ಕಳುವಾಗೋದು ಶ್ರೀಮಂತರ ಬಂಗಲೆಯಲ್ಲಿ. ಮೊದಲು ಸಂಶಯ ಬರೋದು ಅಡುಗೆಯವನ ಮೇಲೆ, ಡ್ರೈವರ್ ಮೇಲೆ, ಮುಸುರೆ ತಿಕ್ಕುವವಳ ಮೇಲೆ. ಪತ್ತೇದಾರ ಬರುತ್ತಾನೆ, ಹ್ಯಾಟು ಕೋಟು ಹಾಕಿಕೊಂಡು. ಕೊನೆಯಲ್ಲಿ ಕಳ್ಳ ಸಿಕ್ಕುತ್ತಾನೆ, ಹಾರ ಮತ್ತೆ ಶ್ರೀಮಂತರ ಕೊರಳಿಗೆ ಹೋಗುತ್ತದೆ. ಆ ಹಾರ ಅವರ ಕೊರಳಿಗೆ ಮೊದಲು ಹೇಗೆ ಬಂತು ಅನ್ನೋ ಪ್ರಶ್ನೆಗೆ ಯಾವ ಪತ್ತೇದಾರನೂ ಟಾರ್ಚ್ ಹಾಕಿದವನಲ್ಲ.

ಈ ಭಯಕ್ಕೆ ಬ್ರಿಟಿಷರು ಕಾನೂನಿನ ರೂಪವನ್ನೂ ಕೊಟ್ಟಿದ್ದರು. 1871ರಲ್ಲಿ ಬಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಊರೂರು ಅಲೆದು ಬದುಕುತ್ತಿದ್ದ ಜಾತಿಗಳನ್ನು ಹುಟ್ಟಾ ಕಳ್ಳರು ಅಂತ ಪಟ್ಟಿಗೆ ಹಾಕಿತು. ಮಗು ಹುಟ್ಟಿದರೆ ಹುಟ್ಟುವಾಗಲೇ ಅಪರಾಧಿ. ಹುಬ್ಬಳ್ಳಿಯಲ್ಲಿ ಅಂಥವರನ್ನು ತಂತಿಬೇಲಿಯೊಳಗೆ ಇಟ್ಟ ಜಾಗಕ್ಕೆ ಇಂದಿಗೂ ಸೆಟ್ಲ್‌ಮೆಂಟ್ ಅಂತಲೇ ಹೆಸರು. 1897ರಲ್ಲಿ ಕಲ್ಕತ್ತೆಯಲ್ಲಿ ಜಗತ್ತಿನ ಮೊಟ್ಟಮೊದಲ ಬೆರಳಚ್ಚು ಬ್ಯೂರೋ ಶುರುವಾಯಿತು. ಬೆರಳಚ್ಚುಗಳನ್ನು ವಿಂಗಡಿಸುವ ಲೆಕ್ಕಾಚಾರದ ಕಷ್ಟ ಪಟ್ಟವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅನ್ನುವ ಇಬ್ಬರು ಸಬ್ ಇನ್ಸ್‌ಪೆಕ್ಟರುಗಳು. ಜಗತ್ತಿಗೆಲ್ಲ ಹಬ್ಬಿದ ಹೆಸರು ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು. ಪತ್ತೇದಾರಿಯ ಚರಿತ್ರೆಯಲ್ಲೇ ಒಂದು ಕಳವು ನಡೆದಿದೆ ಅಂತಾಯಿತು. 1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ಹೋಯಿತು, ಪಟ್ಟಿಯಲ್ಲಿದ್ದವರು ವಿಮುಕ್ತರಾದರು ಅಂತ ಸರ್ಕಾರ ಹೇಳಿತು. ಆದರೆ ಅದರ ಬೆನ್ನಿಗೇ ಚಾಳಿಬಿದ್ದ ಅಪರಾಧಿಗಳ ಕಾಯ್ದೆ ಅಂತ ರಾಜ್ಯ ರಾಜ್ಯಗಳಲ್ಲಿ ಬಂತು, ನಮ್ಮಲ್ಲಿ 1961ರಲ್ಲಿ. ಕಾಯ್ದೆ ಹೋದರೂ ಪೊಲೀಸ್ ಸ್ಟೇಷನ್ನಿನ ತಲೆಯೊಳಗಿನ ಪಟ್ಟಿ ಹೋಗಲಿಲ್ಲ. ಕಥೆ ಬರೆಯುವವರ ತಲೆಯೊಳಗಿನ ಪಟ್ಟಿಯೂ ಹೋಗಲಿಲ್ಲ. ಕಪ್ಪಗೆ, ಕೆಂಗಣ್ಣಿನ, ಮೀಸೆ ಹೊತ್ತ ಬಂಟ ಎಷ್ಟು ಕಥೆಗಳಲ್ಲಿ ಬಂದಿಲ್ಲ? ಅವನಿಗೆ ಒಂದು ಊರು, ಒಂದು ಅವ್ವ, ಒಂದು ಹಸಿವು ಕೊಟ್ಟ ಪತ್ತೇದಾರಿ ಕಾದಂಬರಿ ಎಷ್ಟಿವೆ?

ಪತ್ರಿಕೆಯ ಮಾತಿಗೇ ಬರೋಣ, ಬೇರೆ ಕಡೆ ಏನಾಯಿತು ನೋಡೋಣ. ಬಂಗಾಳಿಯಲ್ಲಿ 1892ರಲ್ಲೇ ಪ್ರಿಯನಾಥ ಮುಖೋಪಾಧ್ಯಾಯ ಅನ್ನುವ ಪೊಲೀಸ್ ಅಧಿಕಾರಿ 'ದಾರೋಗಾರ್ ದಪ್ತರ್' ಶುರು ಮಾಡಿದ, ತಾನೇ ಹಿಡಿದ ಕೇಸುಗಳನ್ನು ಕಥೆ ಮಾಡಿ. 1900ರಲ್ಲಿ ಗೋಪಾಲರಾಮ್ ಗಹಮರಿ ಪಟ್ಟಣ ಬಿಟ್ಟು ತನ್ನ ಹಳ್ಳಿ ಗಹಮರದಿಂದ 'ಜಾಸೂಸ್' ಅನ್ನುವ ಹಿಂದಿ ಪತ್ರಿಕೆ ತೆಗೆದ. 1952ರಲ್ಲಿ ಅಲಹಾಬಾದಿನಿಂದ ಇಬ್ನೆ ಸಫಿಯ ಉರ್ದು 'ಜಾಸೂಸಿ ದುನಿಯಾ' ಬಂತು. ದೇಶ ಎರಡಾಗಿದ್ದರೂ ಆ ಕಥೆಗಳು ಗಡಿಯ ಎರಡೂ ಕಡೆ ಓದಿಸಿಕೊಂಡವು. ಇಂಗ್ಲೆಂಡಿನಲ್ಲಿ 'ಸ್ಟ್ರ್ಯಾಂಡ್' ಪತ್ರಿಕೆ 1891ರಿಂದ ಷರ್ಲಾಕ್ ಹೋಮ್ಸ್ ಕಥೆಗಳನ್ನು ಹಾಕಿ ಮನೆಮಾತಾಯಿತು.

ಅಮೆರಿಕದ ಕತೆ ಇನ್ನೂ ಮಜವಾಗಿದೆ. ಅಲ್ಲಿ ಮೆಂಕನ್, ನೇಥನ್ ಅನ್ನುವ ಇಬ್ಬರು ದೊಡ್ಡ ಸಾಹಿತಿಗಳು ಒಂದು ಘನವಾದ ಸಾಹಿತ್ಯ ಪತ್ರಿಕೆ ನಡೆಸುತ್ತಿದ್ದರು, ನಷ್ಟದಲ್ಲಿ. ಆ ನಷ್ಟ ತುಂಬಲಿಕ್ಕೆ ಅಂತ 1920ರಲ್ಲಿ 'ಬ್ಲ್ಯಾಕ್ ಮಾಸ್ಕ್' ಅನ್ನುವ ಅಗ್ಗದ ಕಥಾಪತ್ರಿಕೆ ಶುರು ಮಾಡಿ, ಸ್ವಲ್ಪ ದಿನಕ್ಕೆ ಒಳ್ಳೆ ಲಾಭಕ್ಕೆ ಮಾರಿಬಿಟ್ಟರು. ಅಂದರೆ ಕೆಳಗಿನ ಪಂಕ್ತಿಯವರ ಕಾಸಿನಲ್ಲಿ ಮೇಲಿನ ಪಂಕ್ತಿಗೆ ಊಟ. ಆದರೆ ಅದೇ ಅಗ್ಗದ ಪತ್ರಿಕೆಯಲ್ಲಿ ಡ್ಯಾಶಿಯಲ್ ಹ್ಯಾಮೆಟ್ ಬರೆದ. ಅವನು ಪಿಂಕರ್ಟನ್ ಅನ್ನುವ ಖಾಸಗಿ ಪತ್ತೇದಾರಿ ಕಂಪನಿಯಲ್ಲಿ ಕೆಲಸ ಮಾಡಿದವನು. ಗಣಿ, ಕಾರ್ಖಾನೆಗಳಲ್ಲಿ ಮುಷ್ಕರ ಮುರಿಯಲಿಕ್ಕೆ ಮಾಲೀಕರು ಬಾಡಿಗೆಗೆ ತರುತ್ತಿದ್ದ ಕಂಪನಿ ಅದು. ಒಳಗಿದ್ದು ಕಂಡದ್ದನ್ನು ಅವನು ಕಾದಂಬರಿ ಮಾಡಿದ. 1929ರ 'ರೆಡ್ ಹಾರ್ವೆಸ್ಟ್'ನಲ್ಲಿ ಒಂದು ಊರಿಗೆ ಊರೇ ಅಪರಾಧಿ. ಗಣಿ ಮಾಲೀಕ ಮುಷ್ಕರ ಮುರಿಯಲು ಕರೆತಂದ ಗೂಂಡಾಗಳೇ ಕೊನೆಗೆ ಊರನ್ನು ಆಳುತ್ತಾರೆ. ಪತ್ತೇದಾರಿ ಕಥೆ ಆಸ್ತಿವಂತರ ಬಂಗಲೆಯಿಂದ ಬೀದಿಗೆ ಬಂದದ್ದು ಹೀಗೆ. ಒಂದು ಅಗ್ಗದ ಪತ್ರಿಕೆ ಇಲ್ಲದಿದ್ದರೆ ಆ ಮನುಷ್ಯ ಎಲ್ಲಿ ಬರೆಯುತ್ತಿದ್ದ?

ನಮ್ಮಲ್ಲಿ ಬೀದಿಗೆ ಬಂದದ್ದು ಸ್ವಲ್ಪ ತಡವಾಗಿ, ಸಿನಿಮಾ ದಾರಿಯಲ್ಲಿ. 1968ರಲ್ಲಿ ದೊರೈ-ಭಗವಾನ್ ಜೋಡಿ 'ಜೇಡರ ಬಲೆ' ತೆಗೆದಾಗ ರಾಜಕುಮಾರ್ ಸಿ.ಐ.ಡಿ. 999 ಆದರು. ಟೆಂಟ್ ಸಿನಿಮಾದಲ್ಲಿ ಕೂತ ಜನ ಶಿಳ್ಳೆ ಹೊಡೆದರು. ಬಾಂಡನ ನಕಲು ಅಂತ ಬಲ್ಲವರು ಮೂಗು ಮುರಿದರು. ಇರಲಿ. 1965ರಲ್ಲಿ 'ಸುಧಾ', 1983ರಲ್ಲಿ 'ತರಂಗ' ಬಂದ ಮೇಲೆ ಅಪರಾಧ ಕಾದಂಬರಿಗೆ ವಾರಪತ್ರಿಕೆಯ ಧಾರಾವಾಹಿಯಲ್ಲಿ ಜಾಗ ಸಿಕ್ಕಿತು. ಟಿ.ಕೆ. ರಾಮರಾವ್, ಸುದರ್ಶನ ದೇಸಾಯಿ ಮುಂತಾದವರನ್ನು ಮಧ್ಯಮ ವರ್ಗದ ಮನೆಗಳು ಬಾಗಿಲು ತೆಗೆದು ಕರೆದವು. ಅಂದ ಹಾಗೆ, 1972ರ 'ಬಂಗಾರದ ಮನುಷ್ಯ' ಸಿನಿಮಾ ಹಳ್ಳಿಗೆ ವಾಪಸ್ ಹೋಗಿ ಅಂತ ಪಟ್ಟಣದ ಹುಡುಗರಿಗೆ ಹೇಳಿತಲ್ಲ, ಅದರ ಮೂಲ ಕಾದಂಬರಿ ಬರೆದವರು ಇದೇ ರಹಸ್ಯ ಕಾದಂಬರಿಗಳ ಟಿ.ಕೆ. ರಾಮರಾವ್. ಪಂಕ್ತಿಭೇದ ಮಾಡುವವರು ಇದಕ್ಕೇನು ಹೇಳ್ತಾರೋ!

ಆ ಧಾರಾವಾಹಿಗಳ ಪೈಕಿ ನಿಂತು ನೋಡಬೇಕಾದ್ದು ಎಚ್.ಕೆ. ಅನಂತರಾವ್ ಬರೆದ 'ಅಂತ'. 'ಸುಧಾ'ದಲ್ಲಿ ಬಂದ ಆ ಕಾದಂಬರಿ 1981ರಲ್ಲಿ ಅಂಬರೀಶ್ ಅಭಿನಯದ ಸಿನಿಮಾ ಆಯಿತು. ಅದರಲ್ಲಿ ಪತ್ತೆ ಹಚ್ಚುವ ಅಧಿಕಾರಿ ಇದ್ದಾನೆ, ಆದರೆ ಕಳ್ಳರು ಕತ್ತಲ ಗಲ್ಲಿಯಲ್ಲಿಲ್ಲ. ಮಂತ್ರಿಗಳ ಮನೆಯಲ್ಲಿದ್ದಾರೆ, ಮೇಲಧಿಕಾರಿಗಳ ಕುರ್ಚಿಯಲ್ಲಿದ್ದಾರೆ. ಅದನ್ನು ನೋಡಿ ಸರ್ಕಾರದವರ ಹೊಟ್ಟೆಯಲ್ಲಿ ಹುಣಿಸೆಹಣ್ಣು ಹಿಂಡಿದ ಹಾಗಾಯಿತು, ದೊಡ್ಡ ಗಲಾಟೆಯೇ ನಡೆಯಿತು. ಎಮರ್ಜೆನ್ಸಿ ಕಂಡಿದ್ದ ಜನಕ್ಕೆ ಅದು ಬರೀ ಕಥೆ ಅನ್ನಿಸಲಿಲ್ಲ. ನರಸಿಂಹಯ್ಯನವರ ಕಾಲದಲ್ಲಿ ಪೊಲೀಸ್ ಇಲಾಖೆ ಕೊನೆಯ ಪುಟಕ್ಕೆ ಬಂದು ಬೇಡಿ ಹಾಕುತ್ತಿತ್ತು. 1981ರ ಹೊತ್ತಿಗೆ ಬೇಡಿ ಹಾಕುವವನ ಬೆನ್ನ ಹಿಂದೆ ಯಾರಿದ್ದಾರೆ ಅಂತ ಓದುಗ ಕೇಳೋ ಹಾಗಾಗಿತ್ತು.

ಇದೇ ಕಾಲದಲ್ಲಿ ನಮ್ಮ ಕಡೆಯಿಂದಲೇ, ಪತ್ತೇದಾರಿ ಅಂತ ಯಾರೂ ಕರೆಯದ ಎರಡು ಕೃತಿಗಳು ಬಂದವು. ಒಂದು, ದೇವನೂರ ಮಹಾದೇವರ 'ಕುಸುಮಬಾಲೆ', 1984. ಮೇಲ್ಜಾತಿಯ ಕುಸುಮಳನ್ನು ಪ್ರೀತಿಸಿದ ದಲಿತ ಹುಡುಗ ಚೆನ್ನನ ಕೊಲೆ ಅದರ ನಡುವೆ ಇದೆ. ಇಡೀ ಕಥೆ ಒಂದು ಹೆಣದ ಸುತ್ತ. ಪತ್ತೇದಾರ ಮಾತ್ರ ಇಲ್ಲ. ಯಾಕಿಲ್ಲ ಅಂದರೆ, ಆ ಊರಿಗೆ ಅವನು ಬರೋದಿಲ್ಲ. ಕರೆಯುವವರಿಲ್ಲ, ಕರೆದರೂ ಬರೋದಿಲ್ಲ, ಬಂದರೂ ದೊಡ್ಡವರ ಮನೆಯಲ್ಲಿ ಊಟ ಮಾಡಿಕೊಂಡು ಹೋಗುತ್ತಾನೆ. ಪತ್ತೇದಾರಿ ಪ್ರಕಾರದ ಮೇಲೆ ಕನ್ನಡದಲ್ಲಿ ಬಂದ ಅತಿ ದೊಡ್ಡ ಟೀಕೆ ಇದು ಅಂತ ನನ್ನ ತಿಳುವಳಿಕೆ, ಮಹಾದೇವರು ಹಾಗೆ ಅಂದುಕೊಂಡು ಬರೆದಿರಲಿ ಬಿಡಲಿ. ಇನ್ನೊಂದು, ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ', 1985. ಅಲ್ಲಿ ಪತ್ತೇದಾರಿ ಅಧಿಕಾರಿಯೊಬ್ಬ ಮಲೆನಾಡಿನ ಕೆಸರೂರಿಗೆ ಬಂದೇ ಬರುತ್ತಾನೆ. ಏಲಕ್ಕಿ ಬೆಳೆ ಯಾಕೆ ನಾಶವಾಗುತ್ತಿದೆ, ವಿಜ್ಞಾನಿ ಜೋಗೀಹಾಳರು ಹೇಗೆ ಸತ್ತರು ಅಂತ ಹುಡುಕುತ್ತಾನೆ. ಒಂದು ದಾರ ಎಳೆದರೆ ಇನ್ನೊಂದು ಬಿಚ್ಚಿಕೊಂಡು, ಜಾತಿ, ಧರ್ಮ, ಕಾಡು, ರಾಜಕೀಯ ಎಲ್ಲ ಕಲಸಿಕೊಂಡು, ಕೊನೆಗೆ ಇಡೀ ಊರು ಬೆಂಕಿಗೆ ಕಾಯುತ್ತಿದೆ ಅನ್ನೋದಷ್ಟೇ ಪತ್ತೆಯಾಗುತ್ತದೆ. ಎರಡಕ್ಕೂ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೊಲೆ, ರಹಸ್ಯ ಇವೆರಡೂ ಮೇಲಿನ ಪಂಕ್ತಿಗೆ ಹೋದವು, ಪತ್ತೇದಾರಿ ಅನ್ನೋ ಹೆಸರು ಮಾತ್ರ ಹೊರಗೇ ನಿಂತಿತು.

ಇನ್ನು ದಕ್ಷಿಣ ಬೆಂಗಳೂರಿಗೆ ವಾಪಸ್ ಬರೋಣ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು, 1976ರ ಮೇಲೆ ಬಿ.ಡಿ.ಎ., ಹಳ್ಳಿ ಹಳ್ಳಿಯ ಹೊಲ ತೆಗೆದುಕೊಂಡು ಅಳೆದು ಸೈಟು ಮಾಡಿ ಹಂಚಿದವು. ಬೈರಸಂದ್ರ, ತಾವರೆಕೆರೆ, ಮಡಿವಾಳ ಅನ್ನೋ ಮೂರು ಹಳ್ಳಿಗಳು ಬಿ.ಟಿ.ಎಂ. ಅನ್ನುವ ಮೂರು ಇಂಗ್ಲಿಷ್ ಅಕ್ಷರಗಳಾದವು. ಆ ಹಳ್ಳಿಗಳ ಹೊಲಗೇರಿಯವರು ಈಗ ಎಲ್ಲಿದ್ದಾರೆ, ಅವರು ಗೇಯ್ದ ಇನಾಮು ಜಮೀನು ಯಾರ ಹೆಸರಿಗೆ ಹೋಯಿತು, ಕೆರೆಯ ಮೇಲೆ ಎದ್ದ ಮನೆಗಳಿಗೆ ಖಾತೆ ಮಾಡಿಕೊಟ್ಟ ಕೈ ಯಾವುದು, ಇವೆಲ್ಲ ಒಂದೊಂದೂ ಒಂದೊಂದು ಪತ್ತೇದಾರಿ ಕಾದಂಬರಿಗೆ ಸಾಕು. ಸಾಕ್ಷಿ ಬೇಕಾದರೆ ತಾಲ್ಲೂಕು ಕಚೇರಿಯ ಹಳೇ ಪಹಣಿ, ಮ್ಯುಟೇಶನ್ ರಿಜಿಸ್ಟರ್ ಇವೆ. ಬೆರಳಚ್ಚೂ ಇದೆ, ಓದು ಬಾರದವರು ಒತ್ತಿದ ಹೆಬ್ಬೆಟ್ಟು. ಬರೆದವರು ಮಾತ್ರ ಕಮ್ಮಿ.

ಬದಲಿಗೆ ಇಲ್ಲಿ ಬೆಳೆದದ್ದು ಇನ್ನೊಂದು ಬೆಳೆ. 1995ರಲ್ಲಿ ರವಿ ಬೆಳಗೆರೆ 'ಹಾಯ್ ಬೆಂಗಳೂರ್!' ವಾರಪತ್ರಿಕೆ ಶುರು ಮಾಡಿದರು. ಅದರ ಕಚೇರಿ ಬನಶಂಕರಿ ಎರಡನೇ ಹಂತದ ಕದಿರೇನಹಳ್ಳಿಯ ಹತ್ತಿರ. ಅದಕ್ಕೂ ಮುಂಚೆ 'ಕರ್ಮವೀರ'ದಲ್ಲಿ 'ಪಾಪಿಗಳ ಲೋಕದಲ್ಲಿ' ಬರೆದು ಭೂಗತ ಜಗತ್ತಿನ ರುಚಿ ಹತ್ತಿಸಿದ್ದವರು ಅವರು. ಕಪ್ಪು ಬಿಳುಪಿನ ಆ ಟ್ಯಾಬ್ಲಾಯ್ಡ್ ವಾರವಾರ ಬಸ್ ಸ್ಟ್ಯಾಂಡುಗಳಿಗೆ ಬಂದಾಗ ಹಿಂದೆ ನರಸಿಂಹಯ್ಯನವರನ್ನು ಕೊಳ್ಳುತ್ತಿದ್ದ ಕೈಗಳೇ ಅದನ್ನೂ ಕೊಂಡವು. ಭಾಷೆಯ ಮೇಲೆ ಆ ಮನುಷ್ಯನಿಗಿದ್ದ ಹಿಡಿತ ಯಾರೂ ಅಲ್ಲಗಳೆಯುವ ಹಾಗಿಲ್ಲ. 2020ರಲ್ಲಿ ತೀರಿಕೊಂಡಾಗ ನಾಡಿನ ಮೂಲೆಮೂಲೆಯ ಓದುಗರು ಮರುಗಿದರು. ಆದರೆ ಲೆಕ್ಕ ಹೇಳಬೇಕು. ಪತ್ತೇದಾರಿಯಲ್ಲಿ ಕೊಲೆಗಾರ ಕೊನೆಯ ಪುಟದಲ್ಲಿ ಸಿಕ್ಕಿಬೀಳುತ್ತಿದ್ದ. ಕ್ರೈಂ ಪತ್ರಿಕೆಗಳ ಕಾಲದಲ್ಲಿ ಅವನು ಮುಖಪುಟದಲ್ಲಿ ಫೋಟೋ ಸಮೇತ ಹೀರೋ ಆದ. ಲಾಂಗು ಮಚ್ಚು ಹಿಡಿದ ಬಡ ಹುಡುಗರು, ಬಹುಮಟ್ಟಿಗೆ ನಮ್ಮ ಕೇರಿ ಕಾಲೋನಿಗಳ ಮಕ್ಕಳೇ, ಒಂದು ವಾರ ಹೆಸರು ಕಂಡು ಮುಂದಿನ ವಾರ ಹೆಣವಾದರು. ಅವರನ್ನು ಸಾಕಿದ ರಿಯಲ್ ಎಸ್ಟೇಟಿನವರ ಫೋಟೋ ಅಷ್ಟು ದೊಡ್ಡದಾಗಿ ಬರಲಿಲ್ಲ. ಕೊಲೆಯಾದ ಹೆಣ್ಣಿನ ನಡತೆಯ ಬಗ್ಗೆ ನಾಲ್ಕು ಪುಟ, ಕೊಂದವನ ಜಾತಿಬಲದ ಬಗ್ಗೆ ನಾಲ್ಕು ಸಾಲು, ಈ ಚಾಳಿ ಆ ಕಾಲದ ಅಪರಾಧ ಬರವಣಿಗೆಗೆಲ್ಲ ಅಂಟಿಕೊಂಡಿತು. ಆಮೇಲೆ ಟಿ.ವಿ.ಯವರು ಅದನ್ನೇ ರಾತ್ರಿ ಹೊತ್ತು ಸಂಗೀತ ಸೇರಿಸಿ ಬಡಿಸಿದರು.

ಹೊಸ ಪತ್ರಿಕೆ ತೆಗೆಯುವವರು ನಿಂತು ಯೋಚನೆ ಮಾಡಬೇಕಾದ ಜಾಗ ಇದೇ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಹಾಕಿ ಸುಟ್ಟರು. ಹಾಡುಹಗಲಿನಂಥ ಸತ್ಯ. 2006ರಲ್ಲಿ ಕೋಲಾರದ ಕೋರ್ಟು ಎಲ್ಲ ಆರೋಪಿಗಳನ್ನೂ ಬಿಟ್ಟಿತು, ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟು ಆ ತೀರ್ಪನ್ನೇ ಎತ್ತಿಹಿಡಿಯಿತು. ಏಳು ಹೆಣ ಇವೆ, ಕೊಂದವರಿಲ್ಲ. ಪತ್ತೇದಾರಿ ಕಥೆಯ ನಿಯಮ ಏನು? ಮೊದಲ ಪುಟದಲ್ಲಿ ಹೆಣ, ಕೊನೆಯ ಪುಟದಲ್ಲಿ ಕೊಲೆಗಾರ, ನಡುವೆ ಯಾರಿಗೂ ಗೊತ್ತಿಲ್ಲ. ನಮ್ಮ ಹಳ್ಳಿಗಳ ನಿಯಮ ಉಲ್ಟಾ. ಮೊದಲ ಪುಟದಲ್ಲೇ ಎಲ್ಲರಿಗೂ ಗೊತ್ತು, ಕೊನೆಯ ಪುಟದಲ್ಲಿ ಯಾರೂ ಇಲ್ಲ. ಸಾಕ್ಷಿ ಹೇಳುವವನ ನಾಲಗೆ ಯಾಕೆ ಬಿದ್ದುಹೋಯಿತು, ಅವನಿಗೆ ನಾಳೆ ಕೂಲಿ ಕೊಡುವವನು ಯಾರು, ನೀರು ಬಿಡುವವನು ಯಾರು, ಅದನ್ನು ಪತ್ತೆ ಹಚ್ಚುವ ಕಥೆ ಬರೆಯಲಿಕ್ಕೆ ಆಗೋದಿಲ್ಲವೆ? ಇಂಗ್ಲಿಷಿನಲ್ಲಿ ಅನಿತಾ ನಾಯರ್ 2012ರಲ್ಲಿ ಇನ್ಸ್‌ಪೆಕ್ಟರ್ ಗೌಡ ಅನ್ನುವ ಪಾತ್ರ ಮಾಡಿ ಬೆಂಗಳೂರಿನ ಹಿಂದಿನ ಓಣಿಗಳಲ್ಲಿ ಓಡಾಡಿಸಿದರು. ಆ ಓಣಿಗಳ ಭಾಷೆ ಮಾತಾಡುವ ನಾವು ಆ ಓಣಿಗಳನ್ನು ಇಂಗ್ಲಿಷಿನಲ್ಲಿ ಓದಬೇಕೆ?

ಪತ್ರಿಕೆ ನಡೆಸುವ ವ್ಯವಹಾರದ ಮಾತು ನಾಲ್ಕು ಆಡಿಬಿಡ್ತೇನೆ, ಯಾಕಂದರೆ ಸಣ್ಣ ಪತ್ರಿಕೆಗಳು ಸಾಯೋದು ಸಿದ್ಧಾಂತದಿಂದಲ್ಲ, ಬಾಕಿಯಿಂದ. ಹಿಂದೆ ಕಾಗದದವನಿಗೆ, ಅಚ್ಚುಕೂಟದವನಿಗೆ, ಏಜೆಂಟನಿಗೆ ಕೊಟ್ಟು ಉಳಿದರೆ ಲೇಖಕನಿಗೆ. ಉಳಿಯುತ್ತಿರಲಿಲ್ಲ. ಐನೂರು ಪುಸ್ತಕ ಬರೆದ ನರಸಿಂಹಯ್ಯನವರೇ ಬರೆದು ಸಾಹುಕಾರರಾಗಲಿಲ್ಲ. ಈಗ ಕಾಗದ, ಅಚ್ಚು, ಏಜೆಂಟು ಮೂವರೂ ಇಲ್ಲ. ಹಾಗಾದರೆ ಲೇಖಕನಿಗೆ ಮೊದಲು ಕೊಡಬಹುದಲ್ಲ? ಬೆಂಗಳೂರಿನಲ್ಲೇ 2014ರಲ್ಲಿ ಹುಟ್ಟಿದ 'ಪ್ರತಿಲಿಪಿ'ಯಲ್ಲಿ ಕನ್ನಡದ ರೋಚಕ ಕಥೆಗಳನ್ನು ಕಂತುಕಂತಾಗಿ ಓದುವವರು ರಾಶಿ ಜನ ಇದ್ದಾರೆ, ಬರೆಯುವವರಲ್ಲಿ ಗೃಹಿಣಿಯರೂ ಇದ್ದಾರೆ. ಅಂದರೆ ಓದುಗರಿಲ್ಲ ಅನ್ನೋ ಮಾತು ಬರೀ ಬೊಗಳೆ. ಅಕ್ಷರದ ವಿಷಯ ಇನ್ನೊಂದು. ಯೂನಿಕೋಡಿನಲ್ಲಿ ಹಾಕಿ. ಹಳೇ ನುಡಿ, ಬರಹದ ಫಾಂಟುಗಳಲ್ಲಿ ಕೂಡಿಸಿಟ್ಟ ಎಷ್ಟೋ ಬರಹ ಇವತ್ತು ಹುಡುಕಿದರೆ ಸಿಕ್ಕದೆ, ತೆರೆದರೆ ಗೀಚುಗೀಚಾಗಿ ಕಾಣುತ್ತ ಬಿದ್ದಿವೆ. ಕಡ್ಲೆಕಾಯಿ ಪೊಟ್ಟಣ ಆದದ್ದಕ್ಕಿಂತ ಇದೇನು ವಾಸಿ?

ಹಳೆಯದನ್ನು ಮತ್ತೆ ಹಾಕುವುದಾದರೆ ಕಾನೂನು ಹೀಗಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಲೇಖಕ ಸತ್ತ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಇರುತ್ತದೆ. ನರಸಿಂಹಯ್ಯನವರ ಪುಸ್ತಕಗಳಿಗೆ ಅದು 2071ರ ಕೊನೆಯವರೆಗೆ, ಹಾಗಾಗಿ ಹಕ್ಕುದಾರರನ್ನು ಕೇಳಿ, ಕಾಸು ಕೊಟ್ಟು ಹಾಕಬೇಕು. ಮ. ರಾಮಮೂರ್ತಿಯವರ ಹಕ್ಕು 2027ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. 2028ರ ಜನವರಿ 1ರಿಂದ ಅವರ ಅಷ್ಟೂ ಪತ್ತೇದಾರಿ ಕಾದಂಬರಿಗಳು ಸಾರ್ವಜನಿಕರ ಆಸ್ತಿ, ಯಾರು ಬೇಕಾದರೂ ಹಾಕಬಹುದು.

ಹಾಕಲಿಕ್ಕೆ ಪ್ರತಿ ಬೇಕಲ್ಲ. 1954ರ ಕಾಯ್ದೆ ಪ್ರಕಾರ ಅಚ್ಚಾದ ಪ್ರತಿ ಪುಸ್ತಕವನ್ನೂ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕು, ಆದರೆ ಬಾಡಿಗೆ ಲೈಬ್ರರಿಗೆ ಅಂತ ಅವಸರದಲ್ಲಿ ಅಚ್ಚು ಹಾಕಿದವರು ಎಲ್ಲ ಕಳಿಸಿರುತ್ತಾರೆ ಅಂತ ನಂಬಿ ಕೂರೋ ಹಾಗಿಲ್ಲ. ಹಳ್ಳಿ ಮೇಷ್ಟ್ರುಗಳನ್ನು ಕೇಳುವುದು ಅದಕ್ಕೇ. ನಿಮ್ಮ ಊರಿನ ಹಳೇ ವಾಚನಾಲಯದ ಬೀರು, ರಿಟೈರಾದ ಮಿಲ್ ಕಾರ್ಮಿಕರ ಮನೆಯ ಅಟ್ಟ, ಟ್ರಂಕು, ಊರಿನ ಹಳೇ ಹೋಟೆಲಿನ ಗಲ್ಲಾಪೆಟ್ಟಿಗೆಯ ಕೆಳಗಿನ ಗೂಡು, ಒಂದು ಸಲ ನೋಡಿ. ರಟ್ಟು ಇಲ್ಲದಿದ್ದರೂ ಸರಿ, ಕೊನೆಯ ಪುಟ ಹರಿದು ಕೊಲೆಗಾರ ಯಾರು ಅಂತ ಗೊತ್ತಾಗದಿದ್ದರೂ ಸರಿ. ಒಳಪುಟದಲ್ಲಿ ಪ್ರೆಸ್ಸಿನ ಹೆಸರು, ಬೆಲೆ, ವರ್ಷ ಇದ್ದರೆ ಬರೆದಿಟ್ಟುಕೊಳ್ಳಿ. ಪುಟದ ಅಂಚಿನಲ್ಲಿ ಯಾರಾದರೂ ಪೆನ್ಸಿಲಿನಲ್ಲಿ ತಮ್ಮ ಹೆಸರು, ಊರು ಬರೆದುಕೊಂಡಿದ್ದರೆ ಅದನ್ನು ಅಳಿಸಬೇಡಿ, ಅದರದೂ ಒಂದು ಫೋಟೋ ತೆಗೆಯಿರಿ.